ಗುರುವಾರ ಹನ್ನೊಂದರ ರಾಹುಕಾಲ

ಆ ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಸಿಂಗಾಪುರದಲ್ಲಿ ರಾಹುಕಾಲ ಇರಲಿಲ್ಲ. ಇದೆ ಎಂದು ನಾನು ಹೇಳಿದೆ. ಗೊತ್ತಿದ್ದೂ ಹೇಳಿದೆ. ಲೆಕ್ಕ ತಪ್ಪಿತು, ಅವಸರದಲ್ಲಿ ಬಾಯಿಗೆ ಬಂದದ್ದು ಬಂದುಬಿಟ್ಟಿತು, ಯಾರಿಗಾದರೂ ಆಗುವಂಥದ್ದೇ — ಏಳು ವರ್ಷಗಳಿಂದ ನನಗೆ ನಾನೇ ಹೇಳಿಕೊಂಡು ಬಂದ ಈ ಸಬೂಬುಗಳಲ್ಲಿ ಒಂದೂ ನಿಜವಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳಿಗೆ ಎರಡೂವರೆ ಗಂಟೆಯನ್ನು ಕೂಡಬೇಕೋ ಕಳೆಯಬೇಕೋ ಗೊತ್ತಿರುತ್ತದೆ. ನಾನು ಬೇಕೆಂದೇ ಕಳೆದೆ.

ಸುಳ್ಳು ಹೇಳಿದ್ದು ಜಯಕ್ಕನಿಗೆ. ಜಯಕ್ಕ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಯಲಹಂಕದ ಹಳೇ ಊರಿನೊಳಗೆ ಒಂದೇ ಮನೆ. ಕೆಳಗೆ ಅವರು, ಮಹಡಿಯಲ್ಲಿ ನಾವು, ಅಡುಗೆ ಮಾತ್ರ ಇಬ್ಬರದೂ ಕೆಳಗೆ. ನನ್ನ ಮದುವೆಯಾದಂದಿನಿಂದ ಒಂದೇ ಒಲೆಯ ಮುಂದೆ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತವರು ನಾವು. ನಾನು ಮುಂಗೋಪಿ. ಅವರು ನಿಧಾನಸ್ಥೆ. ನಾನು ಕುಕ್ಕರಿನ ಮೂರನೇ ಸೀಟಿಗೇ ಕೈ ಹಾಕುವವಳು, ಅವರು ಐದಾದರೂ ಇನ್ನೊಂದು ಬರಲಿ ಎನ್ನುವವರು. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು — ಆದರೆ ಜಯಕ್ಕನ ಜೊತೆ ಜಗಳ ಆಡುವುದಕ್ಕೆ ಆಗುವುದಿಲ್ಲ. ನಾವು ಒಂದು ಮಾತು ಬಿರುಸಾಗಿ ಆಡಿದರೆ ಅವರು 'ಹೌದಲ್ವಾ' ಎಂದುಬಿಡುತ್ತಾರೆ. ಸಿಟ್ಟು ನಮ್ಮ ಕೈಯಲ್ಲೇ ಉಳಿದುಹೋಗುತ್ತದೆ.

ಅವರಿಗೆ ಫ್ರಿಜ್ಜಿನ ಪಕ್ಕದ ಮೊಳೆಯಲ್ಲಿ ನೇತಾಡುವ ಕ್ಯಾಲೆಂಡರೇ ಮನೆಯ ಯಜಮಾನ. ರಾಹುಕಾಲದಲ್ಲಿ ಗ್ಯಾಸ್ ಬುಕ್ ಮಾಡುವಂತಿಲ್ಲ, ಹೊಸ ಸೀರೆಯ ಮಡಿಕೆ ಬಿಚ್ಚುವಂತಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಹೊಸಿಲು ದಾಟುವಂತಿಲ್ಲ. ಮೊದಲೇ ಹೊರಟಾಗಿದ್ದರೆ ಅಡ್ಡಿಯಿಲ್ಲ, ಆ ಹೊತ್ತಿನಲ್ಲಿ ಹೊರಡುವುದು ಮಾತ್ರ ಕೂಡದು. ನನ್ನ ಮಗಳು ಮೇಘನಾ ಹುಟ್ಟಿದ ದಿನ ನನಗೆ ನೋವು ಶುರುವಾದಾಗ ರಾಹುಕಾಲಕ್ಕೆ ಐದು ನಿಮಿಷ ಬಾಕಿ ಇತ್ತಂತೆ. ಮನೆಯ ಗಂಡಸರು ಇನ್ನೂ ಚಪ್ಪಲಿ ಹುಡುಕುತ್ತಿದ್ದರು. ಅಕ್ಕ ನನ್ನನ್ನು ಆಟೋದಲ್ಲಿ ಕೂರಿಸಿ, ಅದನ್ನು ಎರಡು ಮನೆಯಷ್ಟು ಮುಂದಕ್ಕೆ ತಳ್ಳಿಸಿ, 'ಹೊರಟಾಯ್ತು' ಎಂದು ಉಸಿರು ಬಿಟ್ಟಿದ್ದರು. ನಮ್ಮ ಬೀದಿಯ ಹೆಂಗಸರೂ ಹಾಗೆಯೇ — ಹೆಣ್ಣು ನೋಡಲು ಹೋಗುವ ಹೊತ್ತು, ಹಾಲುಕ್ಕಿಸುವ ಹೊತ್ತು, ಎಲ್ಲವನ್ನೂ ಕಾಂಪೌಂಡಿನ ಆಚೆಯಿಂದ ಜಯಕ್ಕನನ್ನೇ ಕೇಳುತ್ತಿದ್ದರು. ಆ ಬೀದಿಯಲ್ಲಿ ಅವರಿಗೆ ಅದೊಂದು ಮರ್ಯಾದೆ.

ಸಿಂಗಾಪುರಕ್ಕೆ ಹೋದದ್ದು ಅವರ ಕಣ್ಣಿನ ಕಾರಣಕ್ಕೆ. ಗ್ಲಾಕೋಮಾ ಎಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಹೋದ ದೃಷ್ಟಿ ಬರುವುದಿಲ್ಲ, ಇರುವುದನ್ನು ಎಷ್ಟು ದಿನ ಉಳಿಸಿಕೊಳ್ಳುತ್ತೇವೆ ಎನ್ನುವುದಷ್ಟೇ ಪ್ರಶ್ನೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆ ದಿನ ಮನೆಗೆ ಬಂದ ಭಾವ ಊಟದ ನಡುವೆ, ಕಣ್ಣಿರುವಾಗಲೇ ಎಲ್ಲಾದರೂ ಒಂದು ದೊಡ್ಡ ಊರು ತೋರಿಸಿಬಿಡೋಣ ಇವಳಿಗೆ ಎಂದರು. ಎಲ್ಲಿಗೆ ಎಂದು ಕೇಳಿದ್ದಕ್ಕೆ ಅಕ್ಕ ಒಂದು ನಿಮಿಷವೂ ಯೋಚಿಸದೆ ಸಿಂಗಾಪುರ ಎಂದರು. ಅಲ್ಲೊಂದು ಆರ್ಕಿಡ್ ತೋಟ ಇದೆ ಎಂದು ಯಾರೋ ಹೇಳಿದ್ದರು. ನಮ್ಮ ತಾರಸಿಯಲ್ಲಿ ಹಳೇ ಪೇಂಟ್ ಡಬ್ಬಗಳ ತುಂಬಾ ಅವರ ಗಿಡಗಳು. ಲಾಲ್‌ಬಾಗಿನ ಫ್ಲವರ್ ಶೋದಿಂದ ತಂದು ತೆಂಗಿನ ಸಿಪ್ಪೆಗೆ ಕಟ್ಟಿದ ಒಂದು ಆರ್ಕಿಡ್ ಎಷ್ಟು ಉಪಚಾರ ಮಾಡಿದರೂ ಎರಡೇ ಸಲ ಹೂ ಬಿಟ್ಟಿತ್ತು. ಬೇರೇನೂ ತೋರಿಸದಿದ್ದರೂ ಪರವಾಗಿಲ್ಲ, ಆ ತೋಟ ಒಂದು ನೋಡಿಬಿಡುತ್ತೇನೆ ಎಂದಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಇದು, ಅದಕ್ಕೇ ಹೇಳುತ್ತಿದ್ದೇನೆ.

ಪ್ರವಾಸದ ಯೋಜನೆಯೆಲ್ಲ ನನ್ನದು. ಯಾವ ದಿನ ಎಲ್ಲಿ, ಎಷ್ಟು ಗಂಟೆಗೆ, ಯಾವ ಟಿಕೆಟು — ಎಲ್ಲವನ್ನೂ ಒಂದು ಹಾಳೆಯಲ್ಲಿ ಗೆರೆ ಹಾಕಿ ಬರೆದಿದ್ದೆ. ಕೊನೆಯ ದಿನಕ್ಕೆ ಆರ್ಕಿಡ್ ತೋಟ. ಅಲ್ಲಿಂದ ನೇರ ವಿಮಾನ ನಿಲ್ದಾಣ. ತೋಟವನ್ನು ಕೊನೆಗೆ ಇಡುವಂತೆ ಅಕ್ಕನೇ ಹೇಳಿದ್ದು, ಕಣ್ಣಲ್ಲಿ ಅದೊಂದನ್ನೇ ತುಂಬಿಕೊಂಡು ವಿಮಾನ ಹತ್ತಬೇಕಂತೆ.

ಮೊದಲ ದಿನವೇ ಹೊಸ ಚರ್ಚೆ ಶುರುವಾಯಿತು. ಸಿಂಗಾಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಹಾಗಾದರೆ ರಾಹುಕಾಲ ಯಾವ ಗಡಿಯಾರದ್ದು? ರಾಹುವಿಗೆ ವೀಸಾ ಕೊಟ್ಟಿಲ್ಲ ಅತ್ತಿಗೆ ಎಂದು ನನ್ನ ಗಂಡ ರೇಗಿಸಿದರು. ಅಕ್ಕ ನಗಲಿಲ್ಲ. ನಮ್ಮ ಮನೆ, ನಮ್ಮ ದೇವರ ಗೂಡು ಇರುವುದು ಯಲಹಂಕದಲ್ಲಿ, ಅಲ್ಲಿನ ಹೊತ್ತೇ ನಮಗೆ ಹೊತ್ತು ಎಂದು ತೀರ್ಪು ಕೊಟ್ಟರು. ಮೊಬೈಲಿನ ಸಣ್ಣ ಅಂಕಿಗಳು ಅವರಿಗೆ ಆಗಲೇ ಕಾಣುತ್ತಿರಲಿಲ್ಲ. ನನ್ನ ಕಡೆ ತಿರುಗಿ, ನೀನು ಲೆಕ್ಕದ ಟೀಚರ್ ಅಲ್ವಾ, ದಿನಾ ಬೆಳಿಗ್ಗೆ ಕೂಡಿ ಹೇಳಿಬಿಡು ಎಂದರು. ಹಾಗೆ ಸಿಂಗಾಪುರದಲ್ಲಿ ನಾನು ಪಂಚಾಂಗವಾದೆ.

ಸೋಮವಾರದ ಏಳೂವರೆ ಅಲ್ಲಿ ಹತ್ತಾಯಿತು. ಹತ್ತರಿಂದ ಹನ್ನೊಂದೂವರೆಯವರೆಗೆ ಐದೂ ಜನ ಹೋಟೆಲಿನ ಸೋಫಾದ ಮೇಲೆ ಸಾಲಾಗಿ ಕೂತಿದ್ದೆವು. ನಾವು ಹತ್ತಬೇಕಾಗಿದ್ದ ತೆರೆದ ಮಾಳಿಗೆಯ ಬಸ್ಸು ಕಣ್ಣೆದುರೇ ಹೋಯಿತು. ಮಂಗಳವಾರ ಸಂಜೆ ಏಳರವರೆಗೆ ಒಂದು ಕ್ಯಾಂಟೀನಿನಿಂದ ಏಳುವಂತಿರಲಿಲ್ಲ. ನೀರಿನ ಮೇಲಿನ ದೀಪಗಳ ಆಟಕ್ಕೆ ನಾವು ಹೋಗುವಷ್ಟರಲ್ಲಿ ಜನ ಎದ್ದು ಬರುತ್ತಿದ್ದರು. ನನ್ನ ಹಾಳೆಯ ಮೇಲೆ ಒಂದೊಂದೇ ಸಾಲು ಹೊಡೆದುಹಾಕುತ್ತಾ ಹೋದೆ. ಸಿಟ್ಟು ಯಾರ ಮೇಲೆ ತೀರಿಸುವುದು? ಬೇರೆ ಬೇರೆ ಹೋಗೋಣ ಎಂದರೆ ಗಂಡ ಒಪ್ಪುವುದಿಲ್ಲ, ಬಂದದ್ದೇ ಒಟ್ಟಿಗೆ ಇರಲಿಕ್ಕೆ ಎನ್ನುತ್ತಾರೆ. ಭಾವ ಎಲ್ಲದಕ್ಕೂ ತಲೆಯಾಡಿಸುತ್ತಾರೆ. ಮುದ್ದೆ ತಿಂದು ಬೆಳೆದ ಜನ ಆ ದೇಶದಲ್ಲಿ ಮೂರು ದಿನ ಬ್ರೆಡ್ಡು ಜಾಮಿನ ಮೇಲೆ ಇದ್ದೆವು, ಅದೂ ಸೇರಿ ತಲೆ ಕಾದ ಹೆಂಚಾಗಿತ್ತು.

ಬುಧವಾರ ಮೇಘನಾಳ ದಿನ. ಆಗ ಅವಳಿಗೆ ಹದಿಮೂರು. ಸಮುದ್ರದ ಮೀನುಗಳ ಹುಚ್ಚು, ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲೆಲ್ಲ ಶಾರ್ಕು. ಮಧ್ಯಾಹ್ನ ಮೂರಕ್ಕೆ ಮತ್ಸ್ಯಾಲಯದ ಟಿಕೆಟು ತೆಗೆದಿದ್ದೆ, ಆ ಹೊತ್ತಿಗೆ ಒಳಗೆ ಹೋಗದಿದ್ದರೆ ಟಿಕೆಟು ರದ್ದು. ಎರಡೂವರೆಗೆ ರಾಹುಕಾಲ, ಅದಕ್ಕೆ ಮೊದಲೇ ಹೊರಡಬೇಕು ಎಂದು ನಾನು ಬಡಕೊಂಡೆ. ಊಟ ಬರುವುದು ತಡವಾಯಿತು. ಹೋಟೆಲಿನ ಬಾಗಿಲಿಗೆ ಬರುವಾಗ ಎರಡೂ ಮೂವತ್ತೈದು. ಅಕ್ಕ ಅಲ್ಲೇ ಒಂದು ಬೆಂಚಿನ ಮೇಲೆ ಕೂತರು. ನಾಲ್ಕು ಗಂಟೆಗೆ ಎದ್ದರು. ಮೇಘನಾ ಅಳು ತಡೆದುಕೊಂಡು ನಿಂತಿದ್ದಳು. ಅವಳನ್ನು ನಗಿಸಲೆಂದೇ ಇರಬೇಕು, ಅಕ್ಕ ಗಲ್ಲ ಹಿಡಿದು ಹೇಳಿದರು:

"ಮೀನು ನೋಡಕ್ಕೆ ಇಷ್ಟು ದೂರ ಬರ್ಬೇಕಾ ಪುಟ್ಟಿ? ನಮ್ಮ ಹೆಬ್ಬಾಳ ಕೆರೇಲಿ ಇಲ್ವಾ ಮೀನು?"

ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು. ಹೂವು ನೋಡಕ್ಕೆ ಲಾಲ್‌ಬಾಗ್ ಇರಲಿಲ್ವಾ ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಆವತ್ತು ಕೇಳಿ, ಒಂದು ಸಲ ಕಿರುಚಾಡಿ, ಅತ್ತು ಮುಗಿಸಿದ್ದರೆ — ಇರಲಿ.

ಗುರುವಾರ ಬೆಳಿಗ್ಗೆ ಪೆಟ್ಟಿಗೆ ಕಟ್ಟುವ ಗಡಿಬಿಡಿಯಲ್ಲಿ ರಾಹುಕಾಲದ ಮಾತು ಬರಲೇ ಇಲ್ಲ. ವಿಮಾನ ಮೂರೂವರೆಗೆ. ಹನ್ನೊಂದಕ್ಕೆ ಕೋಣೆ ಖಾಲಿ ಮಾಡಿ ಸಾಮಾನೆಲ್ಲ ಕೆಳಗೆ ತಂದೆವು. ಟ್ಯಾಕ್ಸಿ ಬಂದು ನಿಂತಿತ್ತು. ತೋಟದಲ್ಲಿ ಒಂದು ಗಂಟೆಗೂ ಹೆಚ್ಚು ಸಮಯ ಸಿಗುವ ಹಾಗಿತ್ತು. ಅಕ್ಕ ತಿಳಿಹಸಿರು ಕಾಟನ್ ಸೀರೆ ಉಟ್ಟು, ಹೂವುಗಳ ಹೆಸರು ಬರೆದುಕೊಳ್ಳಲು ಒಂದು ಪುಟ್ಟ ಪುಸ್ತಕ, ಪೆನ್ಸಿಲು ಕೈಯಲ್ಲಿ ಹಿಡಿದು ಎಲ್ಲರಿಗಿಂತ ಮೊದಲು ಸಿದ್ಧವಾಗಿದ್ದರು. ಅಷ್ಟು ದಿನ ಎಲ್ಲರಿಗಿಂತ ಕೊನೆಗೆ ಹೊರಡುತ್ತಿದ್ದವರು ಇವತ್ತು ಮೊದಲು. ಅದನ್ನು ಕಂಡೂ ನನಗೆ ಸಿಟ್ಟು ಬಂತು ಎಂದರೆ ನಂಬುತ್ತೀರಾ? ಬಂತು. ಗಾಜಿನ ಬಾಗಿಲ ಹತ್ತಿರ ಹೋದವರು ತಟ್ಟನೆ ನಿಂತರು.

"ಏ ನಳಿನಿ, ಬೆಳಿಗ್ಗೆ ಕೇಳೋದೇ ಮರ್ತೆ ಕಣೇ. ಗುರುವಾರ ಅಂದ್ರೆ ಒಂದೂವರೆಯಿಂದ ಮೂರು. ಇಲ್ಲಿಗೆ ಎಷ್ಟಾಗುತ್ತೆ?"

ನಾಲ್ಕರಿಂದ ಐದೂವರೆ. ಉತ್ತರ ಬಾಯಲ್ಲೇ ಇತ್ತು. ಅಷ್ಟು ಹೊತ್ತಿಗೆ ನಾವು ಆಕಾಶದಲ್ಲಿರುತ್ತಿದ್ದೆವು, ಯಾವ ಹೊಸಿಲೂ ಅಡ್ಡ ಬರುತ್ತಿರಲಿಲ್ಲ. ನಾನು ಹೇಳಿದ್ದು ಇದು:

"ಹನ್ನೊಂದಕ್ಕೆ ಶುರು ಅಕ್ಕ. ಎರಡೂವರೆ ಗಂಟೆ ಕಳೀಬೇಕಲ್ಲ. ಹನ್ನೆರಡೂವರೆವರೆಗೂ ಇದೆ."

ಅಕ್ಕ ನನ್ನ ಮುಖ ನೋಡಿದರು. ಕೂಡೋದು ಅಂದ್ಕೊಂಡಿದ್ದೆ ಎಂದರು ಮೆಲ್ಲಗೆ. ಇಲ್ಲ ಅಕ್ಕ ಎಂದೆ. ನೀನು ಹೇಳಿದ್ಮೇಲೆ ಮುಗೀತು ಬಿಡು ಎಂದು ಬಾಗಿಲಿನಿಂದ ಹಿಂದೆ ಸರಿದರು. ಭಾವ, ಒಂದು ದಿನ ನಡೆಯತ್ತೆ ಬಾ ಎಂದು ಮೊದಲ ಸಲ ಸ್ವಲ್ಪ ಜೋರು ಮಾಡಿದರು. ಅಕ್ಕ ಒಪ್ಪಲಿಲ್ಲ, ಸಣ್ಣ ಮಗು ಜೊತೆಗಿದೆ, ವಿಮಾನ ಹತ್ತುವ ದಿನ ಬೇರೆ ಎಂದರು. ಆ ಭಯ ಅವರ ಸಲುವಾಗಿ ಅಲ್ಲ, ನಮ್ಮ ಸಲುವಾಗಿ ಎನ್ನುವುದೂ ನನಗೆ ಗೊತ್ತು. ಆಮೇಲೆ ಅವರು ಹೇಳಿದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ನೀವ್ಯಾಕೆ ಸುಮ್ನೆ ಕೂತ್ಕೋಬೇಕು. ಮಗು ಪಾಪ ಮೀನು ಮೀನು ಅಂತಿತ್ತು. ಕರ್ಕೊಂಡ್ ಹೋಗ್ಬನ್ನಿ. ಸಾಮಾನು ನಾವು ನೋಡ್ಕೊಂಡಿರ್ತೀವಿ."

ಅದೇ ಮಾತು. ಅಕ್ಕ, ನೀವು ತೋಟಕ್ಕೆ ಹೋಗಿ, ನಾನು ಮೇಘನಾ ಮೀನು ನೋಡಿ ಬರುತ್ತೇವೆ — ಇಷ್ಟನ್ನು ನಾನು ಹಿಂದಿನ ಸಂಜೆಯಿಂದ ಗಂಟಲಲ್ಲಿ ಇಟ್ಟುಕೊಂಡು ಒದ್ದಾಡಿದ್ದೆ. ನಮ್ಮ ಮನೆಯಲ್ಲಿ ಅಂಥ ಮಾತು ನಡೆಯುವುದಿಲ್ಲ ಎಂದು ನಾನೇ ತೀರ್ಮಾನಿಸಿದ್ದೆ. ಅವರು ಅದನ್ನು ಕಾಫಿ ಕೊಟ್ಟಷ್ಟು ಸಲೀಸಾಗಿ ಕೊಟ್ಟುಬಿಟ್ಟರು. ಕೇಳಿದ್ದರೆ ಸಿಗುತ್ತಿತ್ತು. ಕೇಳಲಿಲ್ಲ, ಸುಳ್ಳು ಹೇಳಿ ಕಸಿದುಕೊಂಡೆ. ಆಗಲಾದರೂ, ಅಯ್ಯೋ ತಪ್ಪಾಯ್ತು ಅಕ್ಕ, ಕೂಡಬೇಕಿತ್ತು, ನಡೀರಿ ಎನ್ನಬಹುದಾಗಿತ್ತು. ಗಂಡನೂ ಮಗಳೂ ಟ್ಯಾಕ್ಸಿಯ ಬಾಗಿಲು ತೆಗೆದಾಗಿತ್ತು. ನಾನು ಹೋಗಿ ಕೂತೆ.

ಗಂಡ ಮುಂದಿನ ಸೀಟಿನಲ್ಲಿ ಫೋನಿನಲ್ಲಿದ್ದರು. ಮೇಘನಾ ನನ್ನ ಪಕ್ಕ. ಸ್ವಲ್ಪ ದೂರ ಹೋದ ಮೇಲೆ ನನ್ನ ಕಿವಿಯ ಹತ್ತಿರ ಬಂದು ಕೇಳಿದಳು:

"ಅಮ್ಮ, ಪ್ಲಸ್ ಅಲ್ವಾ?"

"ಸುಮ್ನಿರು," ಎಂದೆ.

ಮೀನುಗಳು ಚೆನ್ನಾಗಿದ್ದವು. ನನ್ನ ಮನಸ್ಸು ಅಲ್ಲಿರಲಿಲ್ಲ, ಒಂದೂ ಕಣ್ಣಿಗೆ ಕಾಣಲಿಲ್ಲ ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ, ಆದರೆ ನಿಜ ಬೇರೆ. ನೀಲಿ ನೀರಿನಲ್ಲಿ ಮಂಚದಷ್ಟು ಅಗಲದ ಒಂದು ಚಪ್ಪಟೆ ಮೀನು ತಲೆಯ ಮೇಲಿಂದ ತೇಲಿ ಹೋಯಿತು, ನಾವಿಬ್ಬರೂ ಬಾಯಿ ತೆರೆದುಕೊಂಡು ನಿಂತೆವು. ನಾನು ಸಂತೋಷಪಟ್ಟೆ. ನಾಲ್ಕು ದಿನಗಳಲ್ಲಿ ಮೊದಲ ಸಲ ನನ್ನ ಹಾಳೆಯ ಒಂದು ಸಾಲು ನೆಟ್ಟಗೆ ನಡೆದಿತ್ತು.

ವಿಮಾನ ನಿಲ್ದಾಣಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ, ಹನ್ನೆರಡೂವರೆಗೆ ವಾಪಸು ಬಂದಾಗ ಅಕ್ಕ ಕೂತ ಜಾಗ ಬದಲಾಗಿತ್ತು. ಹೋಟೆಲಿನ ಕೌಂಟರಿನ ಪಕ್ಕ ಒಂದು ದೊಡ್ಡ ಹೂದಾನಿ ಇತ್ತು, ಅದರ ತುಂಬ ನೇರಳೆ ಬಣ್ಣದ ಆರ್ಕಿಡ್. ಅದರ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡಿದ್ದರು. ಇಲ್ಲೇ ನೋಡಿದ್ರಲ್ಲ ಬಿಡಿ ಎಂದು ನನ್ನ ಗಂಡ ತಮಾಷೆ ಮಾಡಿದರು. ಮುಟ್ಟಿ ನೋಡ್ದೆ, ಪ್ಲಾಸ್ಟಿಕ್ಕು ಎಂದರು ಅಕ್ಕ. ವಿಮಾನದಲ್ಲಿ, ಇನ್ನೊಂದ್ಸಲ ಬಂದ್ರಾಯ್ತು ಎಂದು ಅವರೇ ನಮಗೆಲ್ಲ ಸಮಾಧಾನ ಹೇಳಿದರು.

ಇನ್ನೊಂದು ಸಲ ಬರಲಿಲ್ಲ. ಹೋಗೋಣ ಎನ್ನುವಷ್ಟರಲ್ಲಿ ಕೊರೊನಾ ಬಂತು. ಅದು ಮುಗಿಯುವ ಹೊತ್ತಿಗೆ ಅವರ ನೋಟ ಕೊಳವೆಯೊಳಗಿಂದ ನೋಡಿದಷ್ಟಕ್ಕೆ ಕಿರಿದಾಗಿತ್ತು. ಈಗ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎನ್ನುವುದಷ್ಟೇ ಗೊತ್ತಾಗುತ್ತದೆ. ತಾರಸಿಯ ಗಿಡಗಳಿಗೆ ಇವತ್ತಿಗೂ ಅವರೇ ನೀರು ಹಾಕುವುದು, ಡಬ್ಬ ಮುಟ್ಟಿಕೊಂಡು ಮುಟ್ಟಿಕೊಂಡು.

ಕಣ್ಣು ನಾನು ಕಿತ್ತುಕೊಂಡದ್ದಲ್ಲ, ಅದು ಕಾಯಿಲೆ. ಆದರೆ ನಾನು ಕಿತ್ತುಕೊಂಡದ್ದು ತೋಟ ಒಂದೇ ಅಲ್ಲ. ವಾಪಸು ಬಂದ ಮೇಲೆ ಅಕ್ಕ ಆ ಗುರುವಾರದ ಕಥೆಯನ್ನು ಬಂದವರಿಗೆಲ್ಲ ತಾವೇ ಹೇಳತೊಡಗಿದರು. ದೇವ್ರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲ ಅಂತಾರಲ್ಲ, ಆ ಪೂಜಾರಿ ನಾನೇ ಕಣ್ರೀ, ರಾಹುಕಾಲ ರಾಹುಕಾಲ ಅಂತ ಕೂತು ತೋಟ ಕಳ್ಕೊಂಡೆ ಎಂದು ನಗುತ್ತಿದ್ದರು. ಭಾವ ನಗುತ್ತಿರಲಿಲ್ಲ. ಒಂದು ದಿನ ಸಿಟ್ಟಿನಲ್ಲಿ, ನಿನ್ನ ರಾಹುಕಾಲ ನಿನ್ನನ್ನೇ ತಿಂತು ಎಂದುಬಿಟ್ಟರು. ಅಕ್ಕ ಎಂದಿನಂತೆ, ಹೌದಲ್ವಾ ಎಂದರು. ಅಂದಿನಿಂದ ಕ್ಯಾಲೆಂಡರ್ ನೋಡುವುದನ್ನು ಬಿಟ್ಟರು. ಬೀದಿಯವರು ಕಾಂಪೌಂಡಿನ ಆಚೆಯಿಂದ ಕೇಳಿದರೆ, ನನ್ನನ್ನ ಕೇಳ್ಬೇಡ್ರಮ್ಮ, ನನ್ನದೇ ನಾನು ನೆಟ್ಟಗೆ ನೋಡ್ಕೊಳ್ಳಲಿಲ್ಲ ಎಂದು ಕಳಿಸುತ್ತಿದ್ದರು. ಕೊನೆಗೆ ಯಾರೂ ಕೇಳುವುದನ್ನೇ ನಿಲ್ಲಿಸಿದರು.

ನನಗೆ ರಾಹುಕಾಲದಲ್ಲಿ ನಂಬಿಕೆಯಿಲ್ಲ. ಆಗಲೂ ಇರಲಿಲ್ಲ. ಅದು ಬೇರೆ ವಿಷಯ. ಅವರ ನಂಬಿಕೆ ಅವರನ್ನು ಕೆಡಿಸಲಿಲ್ಲ, ನಾನು ಅದರೊಳಗೆ ಸುಳ್ಳೊಂದನ್ನು ತುರುಕಿದೆ. ಇನ್ನೂ ಒಂದು ಹೇಳಬೇಕು, ಹೇಳಲು ನಾಚಿಕೆಯಾಗುತ್ತದೆ. ನಮ್ಮ ಶಾಲೆಯಲ್ಲಿ ಒಮ್ಮೆ ಮೂಢನಂಬಿಕೆಯ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ನಿಲ್ಲಿಸಿದರು. ನಾನು ಈ ಕಥೆಯನ್ನೇ ಹೇಳಿದೆ. ನಮ್ಮ ಮನೆಯಲ್ಲೊಬ್ಬರು ಹೀಗೆ ಹೀಗೆ ಎಂದು, ಅಕ್ಕನ ಮಾತಿನ ಧಾಟಿಯನ್ನೂ ಅನುಕರಿಸಿ ಹೇಳಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು, ಚಪ್ಪಾಳೆ ತಟ್ಟಿದರು.

ಹೇಳಿಬಿಡಬೇಕೆಂದು ಪ್ರಯತ್ನಪಡಲಿಲ್ಲವೆಂದಲ್ಲ. ಒಮ್ಮೆ ಕಣ್ಣಾಸ್ಪತ್ರೆಯಿಂದ ಬರುವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಮುಕ್ಕಾಲು ಗಂಟೆ ಸಿಕ್ಕಿಕೊಂಡೆವು. ಕಾರಿನಲ್ಲಿ ನಾವಿಬ್ಬರು ಮತ್ತು ಡ್ರೈವರು. ಇದಕ್ಕಿಂತ ಒಳ್ಳೆಯ ಸಮಯ ಎಲ್ಲಿ ಸಿಗಬೇಕು? ಅಕ್ಕ, ಸಿಂಗಾಪುರದಲ್ಲಿ ಅವತ್ತು — ಎಂದು ಶುರುಮಾಡಿದೆ. ಅವರು ನನ್ನ ಕೈ ಹಿಡಿದು, ಬಿಡೇ ಆ ಪೀಡೆ ಮಾತು, ನನ್ನ ಹಣೆಬರಹ, ನಿಮಗೆಲ್ಲ ಎಷ್ಟು ಗೋಳು ಹೊಯ್ಕೊಂಡೆ ನಾನು ಎಂದರು. ನನ್ನನ್ನೇ ಕ್ಷಮೆ ಕೇಳಿದಂತೆ. ಡ್ರೈವರಿಗೆ ಎಸಿ ಸ್ವಲ್ಪ ಜಾಸ್ತಿ ಮಾಡು ಎಂದೆ. ಮತ್ತೊಮ್ಮೆ ಗೌರಿ ಹಬ್ಬದ ಹಿಂದಿನ ದಿನ ಹೋಳಿಗೆಗೆ ಹೂರಣ ರುಬ್ಬುತ್ತಾ ಶುರುಮಾಡಿದೆ, ಕರೆಂಟು ಹೋಯಿತು, ಹೂರಣದ ಚಿಂತೆಯಲ್ಲಿ ಮಾತು ಎಲ್ಲಿಗೋ ಹೋಯಿತು. ಕರೆಂಟಿನ ಮೇಲೆ ಹೊರಿಸಿದೆ ನೋಡಿ, ನನ್ನ ಬುದ್ಧಿಯೇ ಇಷ್ಟು. ಏಳು ವರ್ಷ ಒಂದೇ ಅಡುಗೆಮನೆಯಲ್ಲಿ ನಿಂತವಳಿಗೆ ಎರಡು ನಿಮಿಷ ಸಿಗಲಿಲ್ಲವೆಂದರೆ ಯಾರು ನಂಬುತ್ತಾರೆ.

ಕಳೆದ ತಿಂಗಳು ಮೇಘನಾ ಹಾಸ್ಟೆಲಿನಿಂದ ಬಂದಿದ್ದಳು. ಈಗ ಅವಳಿಗೆ ಇಪ್ಪತ್ತು. ಕೆಳಗೆ ದೊಡ್ಡಮ್ಮನ ತಲೆ ಬಾಚಿ ಮೇಲೆ ಬಂದವಳು, ಇನ್ನೂ ಹೇಳಿಲ್ಲ ಅಲ್ವಾ ಎಂದಳು. ಏನನ್ನು ಎಂದು ನಾನು ಕೇಳಲಿಲ್ಲ. ನೀನೇ ಯಾಕೆ ಹೇಳಲಿಲ್ಲ ಎಂದೆ, ಬುದ್ಧಿಯಿಲ್ಲದವಳ ಹಾಗೆ.

"ನೀನು ಸುಮ್ನಿರು ಅಂದಿದ್ಯಲ್ಲಮ್ಮ."

ಮಧ್ಯಾಹ್ನ ಊಟದ ಮೇಲೆ ರಜಾದಿನಗಳಲ್ಲಿ ನಾನು ಅಕ್ಕನಿಗೆ ಪತ್ರಿಕೆ ಓದಿ ಹೇಳುತ್ತೇನೆ. ಕಳೆದ ಭಾನುವಾರ ಓದು ಮುಗಿದ ಮೇಲೆ ಅವರು ಹಾಗೇ ಒರಗಿಕೊಂಡು, ಯಾವ ಪೀಠಿಕೆಯೂ ಇಲ್ಲದೆ ಕೇಳಿದರು: "ಅವತ್ತು ಮೀನು ನೋಡಕ್ಕೆ ಹೋದ್ರಲ್ಲ, ನನಗೆ ಒಂದ್ಸಲಾನೂ ಹೇಳ್ಲೇ ಇಲ್ಲ ನೀನು. ಹೆಂಗಿತ್ತು?"

ಮರೆತುಹೋಗಿದೆ ಅಕ್ಕ ಎಂದೆ. ಇನ್ನೊಂದು ಸುಳ್ಳು. ಆ ಮೀನಿನ ಹೊಟ್ಟೆಯ ಬಿಳುಪು ಕೂಡ ನನಗೆ ನೆನಪಿದೆ.

ಅವತ್ತು ಸಂಜೆ ಇದನ್ನು ಬರೆಯಲು ಕೂತೆ. ಬರೀ ಬಾಯಲ್ಲಿ ಹೇಳಹೊರಟರೆ ನಾನು ನಡುವೆ ನಿಲ್ಲುತ್ತೇನೆ, ಅವರು ಬಿಡೇ ಎನ್ನುತ್ತಾರೆ, ನಾನು ಬಿಟ್ಟುಬಿಡುತ್ತೇನೆ. ಬರೆದದ್ದಾದರೆ ಓದ್ತಿದೀನಿ ಅಕ್ಕ, ಮುಗಿಯೋವರೆಗೂ ಮಾತಾಡ್ಬೇಡಿ ಎನ್ನಬಹುದು. ಬರುವ ಭಾನುವಾರ ಪತ್ರಿಕೆಯ ಬದಲು ಇದನ್ನು ಓದುತ್ತೇನೆ. ಮೇಘನಾಳಿಗೂ ಬಾ ಎಂದಿದ್ದೇನೆ. ಭಾವನೂ ನನ್ನ ಗಂಡನೂ ಅಲ್ಲೇ ಇರುತ್ತಾರೆ, ಅವರೂ ಕೇಳಲಿ.

ಕ್ಷಮಿಸಿ ಎನ್ನುವ ಮಾತನ್ನು ಇದರಲ್ಲಿ ಎಲ್ಲೂ ಹಾಕಿಲ್ಲ. ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದೆ. ಕೇಳಿದರೆ ಜಯಕ್ಕ ಮರುಕ್ಷಣವೇ ಕ್ಷಮಿಸಿಬಿಡುತ್ತಾರೆ, ಅದು ನನಗೆ ಚೆನ್ನಾಗಿ ಗೊತ್ತು. ಹಾಗಾಗಬಾರದು. ಏಳು ವರ್ಷದಿಂದ ಅವರು ತಮ್ಮನ್ನು ತಾವು ಬೈದುಕೊಂಡಿದ್ದಾರೆ, ಆ ಬೈಗುಳವೆಲ್ಲ ನನ್ನದು. ಅವರು ಒಂದು ಸಲವಾದರೂ, ಹೌದಲ್ವಾ ಎನ್ನದೆ, ನನ್ನ ಮೇಲೆ ಸಿಟ್ಟಾಗಬೇಕು. ಓದಿ ಮುಗಿಸಿ ನಾನು ಅಲ್ಲೇ ಕೂತಿರುತ್ತೇನೆ, ಎದ್ದು ಮೇಲೆ ಹೋಗುವುದಿಲ್ಲ.